ಹಳೇ ಫಿಲ್ಟರ್, ಹೊಸ ಟ್ಯಾಂಕ್: ಪೂರ್ತಿ ಒಯ್ಯೋದಾ, ಪಾಲು ಮಾಡೋದಾ, ಹಿಂಡಿ ಸುರಿಯೋದಾ?

ಕಳೆದ ತಿಂಗಳು ಗೆಳೆಯನೊಬ್ಬ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಎರಡು ಅಡಿ ಟ್ಯಾಂಕಿನಿಂದ ಮೂರು ಅಡಿ ಟ್ಯಾಂಕಿಗೆ ಮೀನುಗಳನ್ನು ಬದಲಾಯಿಸಿ ನಾಲ್ಕು ದಿನ ಆಗಿತ್ತಂತೆ. ಎಲ್ಲವೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ‘ಹಳೇ ಟ್ಯಾಂಕಿನ ನೀರು ನಾಲ್ಕು ಬಕೆಟ್ ಹೊತ್ತು ಹಾಕಿದ್ದೀನಪ್ಪಾ, ಆದ್ರೂ ಹೀಗೆ’ ಅಂತ ಗೋಳಾಡಿದ. ಹಳೇ ಫಿಲ್ಟರ್ ಏನಾಯ್ತು ಅಂದೆ. ‘ಅದು ಕಪ್ಪಗೆ ಗಲೀಜಾಗಿತ್ತು. ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದು ಅಟ್ಟಕ್ಕೆ ಹಾಕಿದೆ.’

ಬೇಕಾದ್ದನ್ನು ಚರಂಡಿಗೆ ಬಿಟ್ಟು, ಬೇಡದ್ದನ್ನು ಸೊಂಟ ನೋಯಿಸಿಕೊಂಡು ಹೊತ್ತಿದ್ದ.

ಆ ರಾತ್ರಿ ಅವನಿಗೆ ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಪಳಗಿದ, ಅಂದರೆ ತಿಂಗಳುಗಟ್ಟಲೆ ಓಡಿ ಬ್ಯಾಕ್ಟೀರಿಯಾ ನೆಲೆ ನಿಂತ ಫಿಲ್ಟರ್ ಮೀಡಿಯಾವನ್ನು ಹೊಸ ಟ್ಯಾಂಕಿಗೆ ಒಯ್ಯಲು ನಾಲ್ಕೈದು ದಾರಿಗಳಿವೆ. ಮೀಡಿಯಾ ಅಂದರೆ ನೀರು ಹಾದುಹೋಗಲಿ ಅಂತ ಫಿಲ್ಟರಿನೊಳಗೆ ತುಂಬುವ ವಸ್ತು: ಸ್ಪಾಂಜ್, ಸೆರಾಮಿಕ್ ರಿಂಗ್, ಬಯೋ ಬಾಲ್, ಲಾವಾ ಕಲ್ಲು, ಯಾವುದಾದರೂ ಸರಿ. ಯಾವ ದಾರಿ ಒಳ್ಳೆಯದು ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು: ಹಳೇ ಟ್ಯಾಂಕಿನ ಮೀನುಗಳು ಎಲ್ಲಿಗೆ ಹೋಗುತ್ತವೆ? ಹೊಸ ಟ್ಯಾಂಕಿಗೋ, ಅಲ್ಲೇ ಉಳಿಯುತ್ತವೋ, ಅರ್ಧ ಅಲ್ಲಿ ಅರ್ಧ ಇಲ್ಲೋ? ಇದಕ್ಕೆ ಉತ್ತರ ಸಿಕ್ಕರೆ ಆಯ್ಕೆ ಬಹುಪಾಲು ಮುಗಿದ ಹಾಗೆ.

ಒಯ್ಯುತ್ತಿರುವುದು ಏನನ್ನು?

ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಹಿಕ್ಕೆ, ಉಳಿದ ಆಹಾರ, ಕೊಳೆತ ಎಲೆಗಳಿಂದಲೂ ಅಮೋನಿಯಾ ಬರುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ಮೂರನೆಯದು ವಾರವಾರ ನೀರು ಬದಲಿಸಿದರೆ ಹೋಗುವಂಥದ್ದು. ಈ ಕೆಲಸಗಾರರು ನೀರಿನಲ್ಲಿ ತೇಲಾಡುವವರಲ್ಲ. ನೀರು ಹರಿಯುವ, ಆಮ್ಲಜನಕ ಸಿಗುವ, ಬೆಳಕು ಬೀಳದ ಜಾಗ ಹುಡುಕಿ ಲೋಳೆ ಪದರ ಕಟ್ಟಿಕೊಂಡು ಅಂಟಿಕೊಂಡಿರುತ್ತಾರೆ. ಫಿಲ್ಟರ್ ಅಂದರೆ ಅಂಥದೇ ಜಾಗ. ಹಳೇ ನೀರು ಹೊತ್ತು ತಂದರೆ ನೈಟ್ರೇಟ್ ಬರುತ್ತದೆ, ಕೆಲಸಗಾರರು ಬರುವುದಿಲ್ಲ.

ಇಲ್ಲಿಗೆ ಬಂದಾಗ ಎಲ್ಲರೂ ಹೆಪ್ಪಿನ ಹೋಲಿಕೆ ಕೊಡುತ್ತಾರೆ. ಹಾಲಿಗೆ ಒಂದು ಚಮಚ ಮೊಸರು ಬಿಟ್ಟ ಹಾಗೆ, ಹೊಸ ಫಿಲ್ಟರಿಗೆ ಹಳೇ ರಿಂಗ್ ಎರಡು ಹಾಕಿ ಅಂತ. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮೊಸರಿನ ಬ್ಯಾಕ್ಟೀರಿಯಾ ಬೆಚ್ಚಗಿನ ಹಾಲಿನಲ್ಲಿ ಗಂಟೆಗಳ ಲೆಕ್ಕದಲ್ಲಿ ಬೆಳೆಯುವುದರಿಂದ ರಾತ್ರಿ ಬೆಳಗಾಗುವುದರೊಳಗೆ ಪಾತ್ರೆ ತುಂಬ ಹೆಪ್ಪುಗಟ್ಟುತ್ತದೆ. ಅಮೋನಿಯಾ ತಿನ್ನುವವು ಸೋಮಾರಿಗಳು. ಎಲ್ಲ ಅನುಕೂಲ ಇದ್ದರೂ ದುಪ್ಪಟ್ಟಾಗಲು ಅರ್ಧ ದಿನದಿಂದ ಒಂದೆರಡು ದಿನ ಬೇಕು. ನೈಟ್ರೈಟ್ ತಿನ್ನುವವು ಇನ್ನೂ ನಿಧಾನ. ಸೊನ್ನೆಯಿಂದ ಶುರು ಮಾಡಿದ ಟ್ಯಾಂಕ್ ಸೈಕಲ್ ಆಗಲು, ಅಂದರೆ ಅಮೋನಿಯಾ, ನೈಟ್ರೈಟ್ ತಿಂದು ಮುಗಿಸುವಷ್ಟು ಬ್ಯಾಕ್ಟೀರಿಯಾ ಬೆಳೆಯಲು, ನಾಲ್ಕರಿಂದ ಆರು ವಾರ ಹಿಡಿಯುವುದು ಇದಕ್ಕೇ. ಎರಡು ರಿಂಗ್ ಹಾಕಿದರೆ ಆ ಆರು ವಾರದಲ್ಲಿ ಒಂದಷ್ಟು ದಿನ ಕಡಿಮೆ ಆದೀತು, ಅಷ್ಟೆ. ‘ಇವತ್ತೇ ಮೀನು ಬಿಡಬೇಕು’ ಅನ್ನುವವರು ಎಷ್ಟು ಮೀಡಿಯಾ ಒಯ್ಯುತ್ತಾರೆ ಅನ್ನುವುದೇ ಮುಖ್ಯ.

ಎಷ್ಟು ಒಯ್ಯಬೇಕು ಅನ್ನುವುದಕ್ಕೆ ಟ್ಯಾಂಕಿನ ಲೀಟರ್ ನೋಡಬೇಡಿ, ಆಹಾರದ ಡಬ್ಬಿ ನೋಡಿ. ಮೀನು ಸಾಕಣೆಯವರು ಬಳಸುವ ಒಂದು ಲೆಕ್ಕ ಇದೆ: ಹಾಕಿದ ಆಹಾರದ ತೂಕವನ್ನು ಅದರಲ್ಲಿರುವ ಪ್ರೋಟೀನ್ ಪಾಲಿನಿಂದ ಗುಣಿಸಿ, ಮತ್ತೆ 0.092ರಿಂದ ಗುಣಿಸಿದರೆ ಅಮೋನಿಯಾ ರೂಪದಲ್ಲಿ ಬರುವ ಸಾರಜನಕ ಸುಮಾರಾಗಿ ಸಿಗುತ್ತದೆ. 40% ಪ್ರೋಟೀನ್ ಇರುವ ಆಹಾರ ದಿನಕ್ಕೆ 1 ಗ್ರಾಂ ಹಾಕಿದರೆ ಸುಮಾರು 37 ಮಿಲಿಗ್ರಾಂ. 100 ಲೀಟರ್ ಟ್ಯಾಂಕಿನಲ್ಲಿ ಅದು ಲೀಟರಿಗೆ 0.37 ಮಿಲಿಗ್ರಾಂ. ದಿನಾ ಅಷ್ಟು ತಿಂದು ಮುಗಿಸುವಷ್ಟೇ ಬ್ಯಾಕ್ಟೀರಿಯಾ ನಿಮ್ಮ ಫಿಲ್ಟರಿನಲ್ಲಿ ಇರುತ್ತವೆ. ಅದಕ್ಕಿಂತ ತುಂಬ ಹೆಚ್ಚಿದ್ದರೆ ಅವಕ್ಕೇ ಊಟ ಇರುವುದಿಲ್ಲ.

ಪೂರ್ತಿ ಫಿಲ್ಟರನ್ನೇ ಒಯ್ಯುವುದು

ಹಳೇ ಟ್ಯಾಂಕ್ ಮುಚ್ಚಿ, ಎಲ್ಲ ಮೀನನ್ನೂ ದೊಡ್ಡ ಟ್ಯಾಂಕಿಗೆ ಬಿಡುತ್ತಿದ್ದರೆ ಬೇರೆ ದಾರಿ ಯೋಚಿಸಲೇಬೇಡಿ. ಫಿಲ್ಟರನ್ನು ತೊಳೆಯದೆ, ಬಿಚ್ಚದೆ, ಇದ್ದದ್ದು ಇದ್ದ ಹಾಗೆ ಎತ್ತಿ ಹೊಸ ಟ್ಯಾಂಕಿಗೆ ಹಾಕಿ, ತಕ್ಷಣ ಓಡಿಸಿ. ಮೀನೂ ಅಷ್ಟೇ, ಆಹಾರವೂ ಅಷ್ಟೇ, ತಿನ್ನುವವರೂ ಅಷ್ಟೇ.

‘60 ಲೀಟರಿನ ಫಿಲ್ಟರ್ 160 ಲೀಟರಿಗೆ ಸಾಕಾಗುತ್ತಾ?’ ಅಂತ ಕೇಳದವರಿಲ್ಲ. ಬ್ಯಾಕ್ಟೀರಿಯಾ ಮಟ್ಟಿಗೆ ಸಾಕು. ನೀರು ಜಾಸ್ತಿಯಾದ ಮಾತ್ರಕ್ಕೆ ಅಮೋನಿಯಾ ಜಾಸ್ತಿ ಆಗುವುದಿಲ್ಲ, ಹಂಚಿಹೋಗಿ ತೆಳುವಾಗುತ್ತದೆ. ನೀರು ತಿರುಗಿಸುವ ಬಲ ಸಾಲದು ಅನ್ನುವುದು ನಿಜ. ಅದಕ್ಕೆ ಹೊಸದೊಂದು ದೊಡ್ಡ ಫಿಲ್ಟರ್ ಪಕ್ಕದಲ್ಲಿ ಹಾಕಿ, ಎರಡನ್ನೂ ಎರಡು ತಿಂಗಳು ಒಟ್ಟಿಗೆ ಓಡಿಸಿ. ನಾನು ಮಾಡಿದ್ದು ಹೀಗೆ. ನೋಡಲು ಚೆನ್ನಾಗಿರಲಿಲ್ಲ. ಮನೆಗೆ ಬಂದವರೆಲ್ಲ ಮೂಲೆಯ ಕಪ್ಪು ಸ್ಪಾಂಜ್ ತೋರಿಸಿ ‘ಇದು ಯಾಕೆ ಇಲ್ಲಿ’ ಅಂದರು.

ಈ ದಾರಿಯ ಅಪಾಯ ಫಿಲ್ಟರಿನಲ್ಲಿಲ್ಲ, ನಮ್ಮ ಕೈಯಲ್ಲಿದೆ. ಮೂರಡಿ ಟ್ಯಾಂಕಿನಲ್ಲಿ ಎರಡಡಿ ಟ್ಯಾಂಕಿನ ಮೀನು ಬಿಟ್ಟರೆ ಮದುವೆ ಮುಗಿದ ಛತ್ರದ ಹಾಗೆ ಖಾಲಿ ಕಾಣುತ್ತದೆ. ಭಾನುವಾರ ಅಂಗಡಿಗೆ ಹೋಗಿ ಹತ್ತು ಮೀನು ತಂದುಬಿಡುತ್ತೇವೆ. ಬಂದಿರುವ ಬ್ಯಾಕ್ಟೀರಿಯಾ ಹಳೇ ಮೀನುಗಳ ಲೆಕ್ಕಕ್ಕೆ ಬಂದಿರುವವು. ಹೊಸಬರನ್ನು ಎರಡು ವಾರ ತಡೆದು, ಆಮೇಲೆ ನಾಲ್ಕೈದರಂತೆ ಬಿಡಿ.

ಹಳೇ ಕಾಲದ ಅಂಡರ್‌ಗ್ರಾವೆಲ್ ಫಿಲ್ಟರ್ ಇರುವವರಿಗೆ ಒಂದು ಮಾತು. ಜಲ್ಲಿಯ ಕೆಳಗೆ ತೂತಿನ ಪ್ಲಾಸ್ಟಿಕ್ ತಟ್ಟೆ, ಮೂಲೆಯಲ್ಲಿ ಗುಳ್ಳೆ ಬರುವ ಕೊಳವೆ, ಅದೇ. ಅಲ್ಲಿ ಆ ತಟ್ಟೆ ಫಿಲ್ಟರ್ ಅಲ್ಲ, ಜಲ್ಲಿಯೇ ಫಿಲ್ಟರ್. ಹಾಗಾಗಿ ಒಯ್ಯಬೇಕಾದದ್ದು ಜಲ್ಲಿ. ಆದರೆ ವರ್ಷಗಟ್ಟಲೆ ಕದಡದ ಜಲ್ಲಿಯಲ್ಲಿ ಏನೇನು ಕೂತಿರುತ್ತದೆ ಅನ್ನುವುದು ಎತ್ತಿದಾಗಲೇ ಗೊತ್ತಾಗುವುದು. ಮೊದಲು ಮೀನುಗಳನ್ನು ಬಕೆಟ್ಟಿಗೆ ತೆಗೆಯಿರಿ. ಆಮೇಲೆ ಜಲ್ಲಿಯನ್ನು ಹಳೇ ಟ್ಯಾಂಕಿನ ನೀರಿನಲ್ಲೇ ಎರಡು ಸಲ ಜಾಲಿಸಿ, ಕೆಸರು ಹೋದ ಮೇಲೆ ಹೊಸದಕ್ಕೆ ಹಾಕಿ. ಮೀನು ಒಳಗಿರುವಾಗಲೇ ಜಲ್ಲಿಗೆ ಕೈ ಹಾಕಬೇಡಿ.

ಪಾಲು ಮಾಡುವುದು

ಹಳೇ ಟ್ಯಾಂಕ್ ನಡೆಯುತ್ತಲೇ ಇರಬೇಕು, ಪಕ್ಕದಲ್ಲಿ ಹೊಸದೊಂದು ಬೇಕು ಅನ್ನುವವರಿಗೆ ಇದು. ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿ), ಟಾಪ್ ಫಿಲ್ಟರ್ (ಟ್ಯಾಂಕಿನ ಮೇಲೆ ಕೂರುವುದು), ಸಂಪ್ (ಕೆಳಗಿಡುವ ಫಿಲ್ಟರ್ ತೊಟ್ಟಿ) ಇರುವವರಿಗೆ ಸಲೀಸು, ಏಕೆಂದರೆ ಮೀಡಿಯಾ ಬುಟ್ಟಿಗಳಲ್ಲಿ ಬಿಡಿಬಿಡಿಯಾಗಿರುತ್ತದೆ. ಮೂರನೇ ಒಂದು ಪಾಲು ತೆಗೆದು, ಆ ಜಾಗಕ್ಕೆ ಹೊಸದನ್ನು ತುಂಬಿ. ತೆಗೆದದ್ದನ್ನು ಹೊಸ ಫಿಲ್ಟರಿಗೆ ಹಾಕಿ.

ಅರ್ಧ ತೆಗೆಯಬಹುದಾ ಅಂದರೆ, ತೆಗೆಯಬಹುದು. ಫಿಲ್ಟರಿನ ಹೊರಗೂ ಟ್ಯಾಂಕಿನ ಗಾಜು, ಜಲ್ಲಿ, ಕಟ್ಟಿಗೆ ಎಲ್ಲದರ ಮೇಲೂ ಒಂದಿಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಉಳಿದವು ತುಸು ಬಿರುಸಾಗಿ ಕೆಲಸ ಮಾಡಿ ಕೊರತೆ ತುಂಬಿಸುತ್ತವೆ. ಆದರೂ ನಾನು ಮೂರನೇ ಒಂದಕ್ಕೆ ನಿಲ್ಲುತ್ತೇನೆ. ಎರಡು ಟ್ಯಾಂಕಿನಲ್ಲೂ ಒಟ್ಟಿಗೆ ತೊಂದರೆ ಬಂದರೆ ಯಾವುದಕ್ಕೆ ಅಂತ ಓಡುವುದು? ಪಾಲು ತೆಗೆದ ಮೇಲೆ ಒಂದು ವಾರ ಹಳೇ ಟ್ಯಾಂಕಿಗೂ ಆಹಾರ ಅರ್ಧ ಮಾಡಿ. ಮೀನು ಒಂದು ವಾರ ಅರ್ಧ ಹೊಟ್ಟೆ ಇದ್ದರೆ ಏನೂ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಮೀನು ಹಸಿದು ಸಾಯುವುದಕ್ಕಿಂತ ತಿನ್ನಿಸಿ ತಿನ್ನಿಸಿ ಸಾಯುವುದೇ ಹೆಚ್ಚು.

ಹೊಸ ಟ್ಯಾಂಕಿಗೆ ಎಷ್ಟು ಮೀನು ಬಿಡಬಹುದು ಅನ್ನುವುದು ಇಲ್ಲಿ ಸರಳ ಲೆಕ್ಕ. ಮೂರನೇ ಒಂದು ಪಾಲು ಮೀಡಿಯಾ ಬಂದಿದ್ದರೆ, ಹಳೇ ಟ್ಯಾಂಕಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಮೀನು. ಹಳೆಯದರಲ್ಲಿ ಹನ್ನೆರಡು ಟೆಟ್ರಾ ಇದ್ದರೆ ಹೊಸದಕ್ಕೆ ಮೂರು. ಹಳೆಯದರಲ್ಲಿ ಹನ್ನೆರಡು ಟೆಟ್ರಾ ಇದ್ದು ಹೊಸದಕ್ಕೆ ಎರಡು ದೊಡ್ಡ ಗೋಲ್ಡ್‌ಫಿಶ್ ಬಿಡುತ್ತೇನೆ ಅಂದರೆ ಲೆಕ್ಕ ತಲೆಕೆಳಗು.

ಮೀಡಿಯಾ ಅಳತೆಗೆ ಹೊಂದದಿದ್ದರೆ ಚಿಂತೆ ಬೇಡ. ಸ್ಪಾಂಜನ್ನು ಕತ್ತರಿಯಿಂದ ಕತ್ತರಿಸಬಹುದು. ರಿಂಗುಗಳನ್ನು ಕಿತ್ತಳೆ ಬರುವ ಬಲೆಚೀಲದಲ್ಲಿ ಕಟ್ಟಿ, ಹೊಸ ಫಿಲ್ಟರಿನ ನೀರು ಬೀಳುವ ಕಡೆ ಇಳಿಬಿಟ್ಟರೂ ಆಯ್ತು. ನೀರು ಅದರ ಮೂಲಕ ಹರಿಯಬೇಕು, ಅಷ್ಟೆ. ಹಳೇ ಮೀಡಿಯಾವನ್ನು ಹೊಸ ಹತ್ತಿ ಪದರದ ನಂತರ ಬರುವಂತೆ ಇಡಿ. ಮುಂದೆ ಇಟ್ಟರೆ ಕಸ ಕಟ್ಟಿಕೊಂಡು ಉಸಿರು ಹೋಗುತ್ತದೆ.

ಮೊದಲೇ ಪಳಗಿಸಿಟ್ಟುಕೊಳ್ಳುವುದು

ಹೊಸ ಟ್ಯಾಂಕ್ ಬರುವುದಕ್ಕೆ ಇನ್ನೂ ಒಂದೂವರೆ ತಿಂಗಳಿದೆ ಅನ್ನುವವರು ಅದೃಷ್ಟವಂತರು. ಹೊಸ ಸ್ಪಾಂಜ್ ಫಿಲ್ಟರ್ ತಂದು ಹಳೇ ಟ್ಯಾಂಕಿನಲ್ಲೇ ಇಳಿಸಿ ಓಡಿಸಿ. ಆರು ವಾರಕ್ಕೆ ಅದು ಪಳಗಿರುತ್ತದೆ. ಹೊಸ ಟ್ಯಾಂಕ್ ಬಂದ ದಿನ ಎತ್ತಿ ಅಲ್ಲಿಗೆ ಹಾಕುವುದು. ಹಳೇ ಫಿಲ್ಟರಿಗೆ ಕೈ ಹಚ್ಚುವ ಪ್ರಮೇಯವೇ ಇಲ್ಲ. ಮರಿ ಮಾಡಿಸುವವರು, ಕ್ವಾರಂಟೈನ್ ಟ್ಯಾಂಕ್ ಇಡುವವರು ಇಂಥ ಒಂದು ಹೆಚ್ಚುವರಿ ಸ್ಪಾಂಜನ್ನು ಯಾವಾಗಲೂ ಓಡಿಸುತ್ತಲೇ ಇರುತ್ತಾರೆ. ಖರ್ಚೂ ಹೆಚ್ಚಿಲ್ಲ: ಸ್ಪಾಂಜ್, ಒಂದು ಗಾಳಿ ಪಂಪು, ಒಂದು ಮೀಟರ್ ಕೊಳವೆ.

ಒಂದು ತಪ್ಪು ಕಲ್ಪನೆ ಮಾತ್ರ ಬಿಡಿ. ಎರಡು ಫಿಲ್ಟರ್ ಇಟ್ಟರೆ ಬ್ಯಾಕ್ಟೀರಿಯಾ ಎರಡು ಪಟ್ಟಾಗುವುದಿಲ್ಲ. ಊಟ ಒಂದೇ, ಪಂಕ್ತಿ ಎರಡು. ಇದ್ದ ಅಮೋನಿಯಾವನ್ನೇ ಹಂಚಿಕೊಂಡು ತಿನ್ನುತ್ತವೆ. ಹಾಗಾಗಿ ಹೊಸದನ್ನು ಎತ್ತಿದ ದಿನ ಹಳೇ ಟ್ಯಾಂಕಿಗೂ ಒಂದಷ್ಟು ಕೊರತೆ ಬೀಳುತ್ತದೆ, ಆ ವಾರವೂ ಆಹಾರ ಕಡಿಮೆ ಮಾಡಬೇಕು. ಮೀಡಿಯಾ ಪಾಲು ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸ ಲೆಕ್ಕದಲ್ಲಿ ಕಡಿಮೆ, ನೆಮ್ಮದಿಯಲ್ಲಿ ಜಾಸ್ತಿ. ಪುರುಸೊತ್ತಿದ್ದರೆ ನನ್ನ ಓಟು ಇದಕ್ಕೇ.

ಹಿಂಡಿ ಸುರಿಯುವುದು, ಹಳೇ ಕಲ್ಲು, ಹಳೇ ನೀರು

ಹಳೇ ಸ್ಪಾಂಜನ್ನು ಹೊಸ ಟ್ಯಾಂಕಿನಲ್ಲಿ ಹಿಂಡಿದರೆ ಚಹಾ ಬಣ್ಣದ ಗಸಿ ಬರುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಇರುವುದು ನಿಜ. ಆದರೆ ಬಿಡಿಸಿಕೊಂಡು ಬಂದವು ಮತ್ತೆ ಎಲ್ಲಾದರೂ ಅಂಟಿಕೊಂಡು ನೆಲೆ ನಿಲ್ಲಬೇಕು. ಎಷ್ಟು ನಿಲ್ಲುತ್ತವೆ ಅನ್ನುವುದು ಜೂಜು. ಮೀಡಿಯಾ ಕೊಡಲು ಒಪ್ಪದ ಗೆಳೆಯನೂ ಗಸಿ ಕೊಡಲು ಒಪ್ಪುತ್ತಾನೆ, ಅದೊಂದು ಲಾಭ. ಗಸಿ ಸುರಿದ ದಿನವೇ ಮೀನು ಬಿಡಬೇಡಿ. ಹೊಸ ಫಿಲ್ಟರ್ ಓಡುತ್ತಿರಲಿ, ಅಮೋನಿಯಾ ಹಾಕಿ (ಹಾಕುವ ಬಗೆ ಕೊನೆಯಲ್ಲಿದೆ) ಸೈಕಲ್ ಮಾಡಿ, ಆರು ವಾರದ ಕೆಲಸ ಮೂರಕ್ಕೆ ಇಳಿದರೂ ಇಳಿಯಬಹುದು.

ಹಳೇ ಕಟ್ಟಿಗೆ, ಕಲ್ಲು, ಗಿಡ ತಂದರೆ ಅಲ್ಪಸ್ವಲ್ಪ ಸಹಾಯ. ಗಿಡಗಳಂತೂ ಅಮೋನಿಯಾವನ್ನು ತಾವೇ ಹೀರುತ್ತವೆ. ಬೇಗ ಬೆಳೆಯುವ ಹಾರ್ನ್‌ವರ್ಟ್, ತೇಲುವ ಅಂತರಗಂಗೆ ಥರದವು ಮೊದಲ ತಿಂಗಳಿಗೆ ಒಳ್ಳೇ ಜಾಮೀನು. ಹಳೇ ನೀರಿನ ಬಗ್ಗೆ ಹೇಳಿ ಆಗಿದೆ.

ಬೇರೆಯವರ ಮೀಡಿಯಾ

ನಿಮ್ಮದೇ ಹಳೇ ಟ್ಯಾಂಕ್ ಇಲ್ಲದಿದ್ದರೆ ಗೆಳೆಯನ ಹತ್ತಿರವೋ ಅಂಗಡಿಯಲ್ಲೋ ಕೇಳಬೇಕಾಗುತ್ತದೆ. ಬ್ಯಾಕ್ಟೀರಿಯಾ ಜೊತೆಗೆ ಆ ಟ್ಯಾಂಕಿನ ಕಾಯಿಲೆಯೂ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಅಂಗಡಿಯ ಟ್ಯಾಂಕುಗಳಿಗೆ ವಾರಕ್ಕೊಂದು ಲೋಡ್ ಹೊಸ ಮೀನು ಬರುತ್ತದೆ, ಹಲವು ಕಡೆ ಒಂದೇ ಸಂಪಿಗೆ ಹತ್ತು ಟ್ಯಾಂಕ್ ಜೋಡಿಸಿರುತ್ತಾರೆ. ಬಿಳಿ ಚುಕ್ಕೆ ರೋಗ ಅಂದರೆ ಇಕ್, ಬಾಯಿ ಬಿಳಿಚುವ ಕಾಲಮ್ನಾರಿಸ್, ಬಸವನಹುಳು, ಹೈಡ್ರಾ ಎಲ್ಲವೂ ಒಂದು ತುಂಡು ಸ್ಪಾಂಜಿನಲ್ಲಿ ಬರಬಹುದು.

ಇಕ್‌ಗೆ ಒಂದು ಉಪಾಯ ಇದೆ. ಅದರ ಈಜುವ ಮರಿಗಳಿಗೆ ಎರಡು ಮೂರು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ತಂದ ಮೀಡಿಯಾವನ್ನು ಮೀನಿಲ್ಲದ ಹೊಸ ಟ್ಯಾಂಕಿನಲ್ಲಿ 27–28 ಡಿಗ್ರಿ ನೀರಿನಲ್ಲಿ ಎರಡು ವಾರ ಓಡಿಸಿ, ಬ್ಯಾಕ್ಟೀರಿಯಾಗೆ ಅಮೋನಿಯಾ ಹಾಕುತ್ತಾ ಇದ್ದರೆ ಇಕ್ ಭಯ ಬಹುತೇಕ ಹೋಗುತ್ತದೆ. ಮಿಕ್ಕ ರೋಗಗಳಿಗೆ ಇಂಥ ಸುಲಭ ದಾರಿ ಇಲ್ಲ. ಕೊಡುವವರ ಟ್ಯಾಂಕಿನ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ರೆಕ್ಕೆ ಮುದುಡಿದ ಮೀನು, ಕಲ್ಲಿಗೆ ಮೈ ಉಜ್ಜುವ ಮೀನು, ಹೊಟ್ಟೆ ಒಳಗೆ ಹೋದ ಮೀನು ಕಂಡರೆ ಚಹಾ ಕುಡಿದು ಬರಿಗೈಯಲ್ಲಿ ವಾಪಸ್ ಬನ್ನಿ.

ಇತ್ತೀಚೆಗೆ ಯಾವ ಔಷಧಿ ಹಾಕಿದ್ದರು ಅಂತಲೂ ಕೇಳಿ. ಮೆಥಿಲೀನ್ ಬ್ಲೂ ಬ್ಯಾಕ್ಟೀರಿಯಾಗೆ ಹೊಡೆತ ಕೊಡುತ್ತದೆ, ನೀಲಿ ಬಣ್ಣಕ್ಕೆ ತಿರುಗಿದ ಸ್ಪಾಂಜ್ ಯಾರು ಪುಕ್ಕಟೆ ಕೊಟ್ಟರೂ ಬೇಡ. ತಾಮ್ರ ಇರುವ ಔಷಧಿ ಮೀಡಿಯಾದಲ್ಲಿ ಉಳಿದುಕೊಳ್ಳಬಹುದು. ಸೀಗಡಿ ಸಾಕುವ ಆಸೆ ಇದ್ದರೆ ಅಂಥದ್ದನ್ನು ಮುಟ್ಟಲೇಬೇಡಿ. ಸಮುದ್ರ ನೀರಿನ ಟ್ಯಾಂಕಿನ ಮೀಡಿಯಾ ಸಿಹಿನೀರಿಗೆ ತಂದರೆ ಬದುಕುವುದು ಕಡಿಮೆ, ಕೊಳೆಯುವುದೇ ಜಾಸ್ತಿ.

ನಿಮ್ಮದೇ ಹಳೇ ಟ್ಯಾಂಕಿನಲ್ಲಿ ಮೀನುಗಳು ಕಾರಣ ಗೊತ್ತಾಗದೆ ಒಂದೊಂದಾಗಿ ಸಾಯುತ್ತಿದ್ದರೆ, ಅದರ ಮೀಡಿಯಾವೂ ಬೇರೆಯವರದ್ದೇ ಅಂತ ತಿಳಿಯಿರಿ. ಆಗ ಸೊನ್ನೆಯಿಂದ ಶುರು ಮಾಡುವುದೇ ವಾಸಿ.

ಬಾಟಲಿಯ ಬ್ಯಾಕ್ಟೀರಿಯಾ ಬಗ್ಗೆ ಸಂಕ್ಷಿಪ್ತವಾಗಿ

ಈ ಬ್ಯಾಕ್ಟೀರಿಯಾವನ್ನು ಅಂಗಡಿಯಲ್ಲಿ ಬಾಟಲಿಯಲ್ಲೂ ಮಾರುತ್ತಾರೆ. ನೈಟ್ರೈಟ್ ತಿನ್ನುವುದು ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅಂತಲೇ ಬಹಳ ಕಾಲ ಎಲ್ಲರೂ ನಂಬಿದ್ದರು. 1998ರಲ್ಲಿ ಸಂಶೋಧಕ ತಿಮೊತಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ನೈಟ್ರೊಸ್ಪೈರಾ ಜಾತಿಯವದ್ದು ಅಂತ ತೋರಿಸಿದರು. 2011ರಲ್ಲಿ ಇನ್ನೊಂದು ಅಧ್ಯಯನ, ಸಿಹಿನೀರಿನ ಫಿಲ್ಟರುಗಳಲ್ಲಿ ಅಮೋನಿಯಾ ತಿನ್ನುವವರಲ್ಲಿ ಆರ್ಕಿಯಾ ಎಂಬ ಬೇರೆಯೇ ವಂಶದ ಜೀವಿಗಳದ್ದೇ ಮೇಲುಗೈ ಅಂತ ಕಂಡುಕೊಂಡಿತು. 2015ರಲ್ಲಿ, ಅಮೋನಿಯಾದಿಂದ ನೈಟ್ರೇಟ್‌ವರೆಗೆ ಎರಡೂ ಹೆಜ್ಜೆ ಒಬ್ಬಂಟಿಯಾಗಿ ನಡೆಸುವ ನೈಟ್ರೊಸ್ಪೈರಾಗಳು ಸಿಕ್ಕವು. ಪಳಗಿದ ಒಂದು ಸ್ಪಾಂಜಿನಲ್ಲಿ ಇಡೀ ಊರೇ ಇರುತ್ತದೆ, ಬಾಟಲಿಯಲ್ಲಿ ಅದರ ಒಂದೆರಡು ಕೇರಿ. ಬಾಟಲಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ಗೋಡೌನಿನ ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ದಿನ ಕೂತಿತ್ತು ಅನ್ನುವುದು ಲೇಬಲ್ ಮೇಲೆ ಬರೆದಿರುವುದಿಲ್ಲ. ಹಳೇ ಮೀಡಿಯಾ ಸಿಗದವರಿಗೆ, ಸೊನ್ನೆಯಿಂದ ಶುರು ಮಾಡುವವರಿಗೆ ಊರುಗೋಲು ಆದೀತು. ಮೀಡಿಯಾ ಇರುವವರು ಆ ದುಡ್ಡಿಗೆ ಟೆಸ್ಟ್ ಕಿಟ್ ತನ್ನಿ.

ದಾರಿಯಲ್ಲಿ ಆಗುವ ಅನಾಹುತ

ಯಾವ ಆಯ್ಕೆ ಮಾಡಿದರೂ ಕೆಡುವುದು ಹೆಚ್ಚಾಗಿ ಇಲ್ಲೇ. ನನಗೂ ಆಗಿದೆ. ಮನೆ ಬದಲಾಯಿಸಿದ ದಿನ ಬೆಳಗ್ಗೆ ಎಂಟಕ್ಕೆ ಕ್ಯಾನಿಸ್ಟರ್ ಫಿಲ್ಟರ್ ಆಫ್ ಮಾಡಿ, ‘ಬ್ಯಾಕ್ಟೀರಿಯಾ ಒಣಗಬಾರದು’ ಅಂತ ಬುದ್ಧಿವಂತಿಕೆಯಿಂದ ನೀರು ತುಂಬಿಸಿಯೇ ಕೊಳವೆ ಬಂದ್ ಮಾಡಿ ಟೆಂಪೋಗೆ ಹತ್ತಿಸಿದೆ. ಗಾಡಿ ಸಿಕ್ಕಿಹಾಕಿಕೊಂಡಿತು, ಲಿಫ್ಟ್ ಕೆಟ್ಟಿತ್ತು, ಮಂಚ ಜೋಡಿಸುವವ ಊಟಕ್ಕೆ ಹೋದ. ಫಿಲ್ಟರ್ ಮತ್ತೆ ಓಡಿದ್ದು ಸಂಜೆ ನಾಲ್ಕಕ್ಕೆ. ಮುಚ್ಚಳ ತೆರೆದು ನೋಡುವ ತಾಳ್ಮೆ ಇರಲಿಲ್ಲ, ನೇರ ಸ್ವಿಚ್ ಹಾಕಿದೆ. ಮೊದಲ ನೀರು ಬೂದು ಬಣ್ಣ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ರಾತ್ರಿಯೊಳಗೆ ಮೂರು ಮೀನು ಹೋದವು.

ಆದದ್ದು ಇಷ್ಟೆ. ಮುಚ್ಚಿದ ಡಬ್ಬಿಯಲ್ಲಿ ನೀರಿಗೆ ಕರಗಿದ ಆಮ್ಲಜನಕ ಬಹಳ ಬೇಗ ಖಾಲಿಯಾಗುತ್ತದೆ. ನಮಗೆ ಬೇಕಾದವು ಉಸಿರುಗಟ್ಟಿ ಕೂರುತ್ತವೆ, ಆಮ್ಲಜನಕ ಬೇಡದವು ಎದ್ದು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಮೀಡಿಯಾಗೆ ನೀರಿಗಿಂತ ಗಾಳಿ ಮುಖ್ಯ. ಸಾಗಿಸುವಾಗ ನೀರು ಚೆಲ್ಲಿ, ಒದ್ದೆಯಾಗಿರುವ ಮೀಡಿಯಾವನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲೋ ಟಿಫಿನ್ ಡಬ್ಬಿಯಲ್ಲೋ ಅರ್ಧ ಜಾಗ ಗಾಳಿಗೆ ಬಿಟ್ಟು ಹಾಕಿ. ಹಿಂಡಬೇಡಿ, ಒಣಗಲೂ ಬಿಡಬೇಡಿ. ಈ ಸ್ಥಿತಿಯಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಒಯ್ಯಬಹುದು. ನಿಲ್ಲಿಸಿದ ಕಾರಿನ ಬಿಸಿಲಿನಲ್ಲಿ ಒಂದು ಗಂಟೆ ಬಿಟ್ಟರೆ ಮಾತ್ರ ಮುಗಿಯಿತು. ಒಂದು ದಿನ ಮೀರಿ ಕಾಯಿಸಬೇಕಾದರೆ ಬಕೆಟ್ಟಿನಲ್ಲಿ ಹಳೇ ನೀರು ಹಾಕಿ ಗಾಳಿ ಪಂಪಿನ ಗುಳ್ಳೆ ಕಲ್ಲು ಬಿಡಿ. ಉಪವಾಸವನ್ನು ಅವು ಕೆಲವು ದಿನ ತಡೆಯುತ್ತವೆ.

ಹಾಕುವ ಮೊದಲು ಮೂಸಿ ನೋಡಿ. ಆರೋಗ್ಯವಾಗಿರುವ ಮೀಡಿಯಾಗೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಕ್ಲೋರಿನ್ ಇಲ್ಲದ ನೀರಿನಲ್ಲಿ ಎರಡು ಮೂರು ಸಲ ಅದ್ದಿ ತೆಗೆದು, ಮೀನಿಲ್ಲದ ಬಕೆಟ್ಟಿನಲ್ಲಿ ಗಾಳಿ ಬಿಟ್ಟು ರಾತ್ರಿ ಇಟ್ಟು ಆಮೇಲೆ ಬಳಸಿ. ಬೇಸಿಗೆಯಲ್ಲಿ ನಾಲ್ಕೈದು ಗಂಟೆ ಕರೆಂಟ್ ಹೋಗಿ ಬಂದ ಕ್ಯಾನಿಸ್ಟರಿಗೂ ಇದೇ ನಿಯಮ. ಮುಚ್ಚಳ ತೆರೆಯದೆ ಓಡಿಸಬೇಡಿ.

ಇನ್ನು ಕ್ಲೋರಿನ್. ನಲ್ಲಿ ನೀರಿನಲ್ಲಿರುವ ಇದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಳೇ ಮೀಡಿಯಾದ ಕಸ ಕಳೆಯಲೇಬೇಕಾದರೆ ಹಳೇ ಟ್ಯಾಂಕಿನ ನೀರಿನಲ್ಲಿ ಒಂದೆರಡು ಸಲ ಅದ್ದಿ, ಸಾಕು. ಹೊಸ ಟ್ಯಾಂಕಿಗೆ ತುಂಬಿದ ನಲ್ಲಿ ನೀರಿಗೆ ಆ್ಯಂಟಿ-ಕ್ಲೋರಿನ್ ಹಾಕಿದ ಮೇಲೆಯೇ ಮೀಡಿಯಾ ಇಳಿಸಿ. ಇದನ್ನು ಮರೆತು ಫಿಲ್ಟರ್ ಓಡಿಸಿ, ಹತ್ತು ನಿಮಿಷದ ಮೇಲೆ ನೆನಪಾಗಿ ಹಾಕುವವರು ಬಹಳ.

ನೀರೇ ಬೇರೆಯಾದರೆ

ಬೆಂಗಳೂರಿನಲ್ಲಿ ಇದು ನಿತ್ಯದ ತಾಪತ್ರಯ. ಹಳೇ ಮನೆಗೆ ಕಾವೇರಿ, ಹೊಸ ಮನೆಗೆ ಬೋರ್‌ವೆಲ್. ಬ್ಯಾಕ್ಟೀರಿಯಾ ಗಡಸು ನೀರಿಗೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಖುಷಿಯೇ ಪಡುತ್ತವೆ. ತೊಂದರೆ ಮೀನಿಗೆ. ವರ್ಷಗಟ್ಟಲೆ ಸರಿಯಾಗಿ ನೀರು ಬದಲಿಸದ ಹಳೇ ಟ್ಯಾಂಕಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 6ರ ಹತ್ತಿರ ಇಳಿದಿರುತ್ತದೆ. ಅಷ್ಟು ಕೆಳಗೆ ಬ್ಯಾಕ್ಟೀರಿಯಾ ಕೆಲಸವೂ ಮಂದ, ಅಮೋನಿಯಾ ಒಂದಷ್ಟು ಉಳಿದಿರುತ್ತದೆ. ಆದರೆ ಆ ಪಿಎಚ್‌ನಲ್ಲಿ ಅದು ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಶೇಕಡ ಅರ್ಧ ಮಾತ್ರ. ಪಿಎಚ್ 8ಕ್ಕೆ ಹೋದರೆ ಶೇಕಡ 5 ದಾಟುತ್ತದೆ. ಹಳೇ ನೀರನ್ನು ಪ್ರೀತಿಯಿಂದ ಹೊತ್ತು ತಂದು ಪಿಎಚ್ ಹೆಚ್ಚಿರುವ ಗಡಸು ಬೋರ್‌ವೆಲ್ ನೀರಿಗೆ ಬೆರೆಸಿದರೆ, ನಿನ್ನೆವರೆಗೆ ತೆಪ್ಪಗಿದ್ದದ್ದು ಇವತ್ತು ಹತ್ತಾರು ಪಟ್ಟು ವಿಷ. ನನ್ನ ಗೆಳೆಯನ ನಾಲ್ಕು ಬಕೆಟ್ ಸಾಹಸದಲ್ಲಿ ಇದರ ಪಾಲೂ ಇತ್ತು ಅಂತ ನನ್ನ ಗುಮಾನಿ. ಹಾಗಾಗಿ ಬದಲಾವಣೆಗೆ ಎರಡು ವಾರ ಮೊದಲೇ ಹಳೇ ಟ್ಯಾಂಕಿನಲ್ಲಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೊಸ ನೀರಿಗೆ ತಿರುಗಿಸುತ್ತಾ ಬನ್ನಿ.

ಆರ್‌ಒ ನೀರು ತುಂಬುವವರಿಗೆ ಉಲ್ಟಾ ಸಮಸ್ಯೆ. ಒಂದು ಮಿಲಿಗ್ರಾಂ ಸಾರಜನಕ ತಿನ್ನಲು ಬ್ಯಾಕ್ಟೀರಿಯಾ ಸುಮಾರು 7 ಮಿಲಿಗ್ರಾಂ ಕ್ಷಾರವನ್ನು ಖಾಲಿ ಮಾಡುತ್ತವೆ. ಮೇಲಿನ ಲೆಕ್ಕದಂತೆ 100 ಲೀಟರಿಗೆ ದಿನಕ್ಕೆ 1 ಗ್ರಾಂ ಆಹಾರ ಹಾಕಿದರೆ ವಾರಕ್ಕೆ ಹೆಚ್ಚುಕಡಿಮೆ 1 ಡಿಗ್ರಿ ಕೆಎಚ್ (ನೀರಿನಲ್ಲಿರುವ ಕ್ಷಾರದ ಅಳತೆ) ಹೋಯ್ತು. ಆರ್‌ಒ ನೀರಿನಲ್ಲಿ ಕೆಎಚ್ ಇರುವುದೇ ಸೊನ್ನೆಯ ಆಸುಪಾಸು. ಎಷ್ಟೇ ಒಳ್ಳೇ ಮೀಡಿಯಾ ತಂದರೂ ಪಿಎಚ್ ಕುಸಿದು ಕೆಲಸ ನಿಲ್ಲುತ್ತದೆ. ಅರ್ಧ ನಲ್ಲಿ ನೀರು ಬೆರೆಸಿ, ಇಲ್ಲವೇ ಫಿಲ್ಟರಿನಲ್ಲಿ ಒಂದು ಹಿಡಿ ಹವಳದ ಚೂರು ಇಡಿ.

ಮೀನು ಬಿಡುವ ಮೊದಲು, ಬಿಟ್ಟ ಮೇಲೆ

ಮೀನು ತಕ್ಷಣ ಬಿಡುವ ತುರ್ತು ಇಲ್ಲದಿದ್ದರೆ ಒಯ್ದ ಮೀಡಿಯಾವನ್ನು ಒಮ್ಮೆ ಪರೀಕ್ಷೆ ಮಾಡಿ. ಅಮೋನಿಯಂ ಕ್ಲೋರೈಡ್ ಬೇಕು. ನಮ್ಮ ಅಜ್ಜಿಯರಿಗೆ ಇದು ನವಸಾಗರ, ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ಉಜ್ಜಿದಾಗ ಬುಸ್ಸೆಂದು ಬಿಳಿ ಹೊಗೆ ಬರುತ್ತಿತ್ತಲ್ಲ, ಅದೇ. ಆದರೆ ಕಲಾಯಿಯವರ ನವಸಾಗರ ಶುದ್ಧವಾಗಿರುವ ಭರವಸೆ ಇಲ್ಲ, ರಾಸಾಯನಿಕ ಅಂಗಡಿಯಲ್ಲಿ ಪ್ರಯೋಗಾಲಯ ದರ್ಜೆಯದ್ದು ಕೇಳಿ. 100 ಲೀಟರಿಗೆ 0.6 ಗ್ರಾಂ ಕರಗಿಸಿದರೆ ಅಮೋನಿಯಾ ಸುಮಾರು 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. 24 ಗಂಟೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಧಾರಾಳವಾಗಿ ಮೀನು ಬಿಡಬಹುದು. ಅಮೋನಿಯಾ ಹೋಗಿ ನೈಟ್ರೈಟ್ ಉಳಿದರೆ ಇನ್ನೊಂದು ವಾರ ಕಾಯಿರಿ. ಎರಡನೇ ಗುಂಪು ಯಾವಾಗಲೂ ತಡವಾಗಿ ಬರುವವರು.

ಮೀನು ಬಿಟ್ಟೇ ಆಗಿದ್ದರೆ ಹತ್ತು ದಿನ ದಿನಾ ಟೆಸ್ಟ್, ಆಹಾರ ದಿನ ಬಿಟ್ಟು ದಿನ. ಅಮೋನಿಯಾ 0.5 ಪಿಪಿಎಂ ಮುಟ್ಟಿದರೆ ಅವತ್ತೇ ಮೂರನೇ ಒಂದು ಭಾಗ ನೀರು ಬದಲಿಸಿ. ನೈಟ್ರೈಟ್ ಕಂಡರೆ 100 ಲೀಟರಿಗೆ 10 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ಒಳಹೋಗುವುದನ್ನು ತಡೆಯುತ್ತದೆ. ಗೆಳೆಯನಿಗೆ ಅವತ್ತು ರಾತ್ರಿ ಹೇಳಿದ್ದು ಇಷ್ಟೇ: ಅರ್ಧ ನೀರು ಬದಲಿಸು, ಆಹಾರ ನಿಲ್ಲಿಸು, ಬೆಳಗ್ಗೆ ನಮ್ಮ ಮನೆಗೆ ಟಿಫಿನ್ ಡಬ್ಬಿ ತಗೊಂಡು ಬಾ. ನನ್ನ ಫಿಲ್ಟರಿನ ರಿಂಗುಗಳಲ್ಲಿ ಮೂರನೇ ಒಂದು ಪಾಲು ಆ ಡಬ್ಬಿಯಲ್ಲಿ ಹೋಯಿತು. ಎರಡು ಮೀನು ಉಳಿಯಲಿಲ್ಲ. ಮಿಕ್ಕವು ಐದನೇ ದಿನಕ್ಕೆ ಕೆಳಗಿಳಿದು ಜಲ್ಲಿ ಕೆದಕಲು ಶುರು ಮಾಡಿದವು.

ಹಳೇ ಮೀಡಿಯಾವನ್ನು ಹೊರಗೆ ತೆಗೆಯುವುದು ಯಾವಾಗ ಅಂದರೆ, ಅವಸರ ಇಲ್ಲ. ಎರಡು ತಿಂಗಳು ಕಳೆದ ಮೇಲೆ ಮೊದಲು ಅರ್ಧ ತೆಗೆದು, ಎರಡು ವಾರ ಟೆಸ್ಟ್ ನೋಡಿ, ಆಮೇಲೆ ಉಳಿದರ್ಧ. ಸೆರಾಮಿಕ್ ರಿಂಗ್ ಆದರೆ ತೆಗೆಯುವ ಅಗತ್ಯವೇ ಇಲ್ಲ. ಸ್ಪಾಂಜ್ ಹಿಂಡಿದರೆ ಮತ್ತೆ ಉಬ್ಬಿ ಮೊದಲಿನ ಆಕಾರಕ್ಕೆ ಬರುವವರೆಗೂ ನಡೆಯುತ್ತದೆ.